ವಲ್ಲಿಯ ಕೆಳಗಿನ ಮೋಟಾರು

ಆಗ ನನಗೆ ಹತ್ತೊಂಬತ್ತು. ಐವತ್ತೈದು ವರ್ಷದ ಹಿಂದಿನ ಮಾತು. ಒಂದು ಬೆಳಿಗ್ಗೆ ಮಧುಗಿರಿಯ ಮುಸಾಫಿರ್‌ಖಾನೆಯ ಅಂಗಳ ಗುಡಿಸಲು ಹೋದವಳು, ಅಲ್ಲಿ ನಿಂತಿದ್ದ ಹೊಸ ಮೋಟಾರಿನ ದೀಪದಲ್ಲಿ ಒಂದು ಮುಖ ಕಂಡು ಪೊರಕೆ ಬಿಗಿ ಹಿಡಿದೆ. ಅಗಲ ಮೂಗು, ಗಿಡ್ಡ ಹಣೆ, ಹೆದರಿದ ಕಣ್ಣು. ಯಾರೋ ಬೇರೆ ಊರಿನವಳು ಬಂದು ನಿಂತಿದ್ದಾಳೆ ಅಂದುಕೊಂಡೆ. ಅದು ನಾನೇ. ಮದುವೆಯಾಗಿ ಬಂದ ಮೂರು ವರ್ಷದಲ್ಲಿ ಆ ಮನೆಯಲ್ಲಿ ಕನ್ನಡಿ ಇರಲಿಲ್ಲ. ಹಣೆಗೆ ಇಟ್ಟದ್ದು ಸೊಟ್ಟಗಿದೆ ಎಂದು ಹೇಳುವವರೂ ಇರಲಿಲ್ಲ.

ನಮ್ಮೂರು ಪಾವಗಡದಿಂದ ಆಚೆಗೆ ಎರಡು ಹರದಾರಿ. ಈಗ ಬಸ್ಸು ಹತ್ತಿದರೆ ಎರಡು ಗಂಟೆ. ಅದಕ್ಕೇ ನಾನು ಪರದೇಶಕ್ಕೆ ಬಂದೆ ಎಂದರೆ ಮೊಮ್ಮಕ್ಕಳು ನಗುತ್ತಾರೆ. ಆಗ ಎತ್ತಿನ ಗಾಡಿಯಲ್ಲಿ ಎರಡು ದಿನ ಹಿಡಿಯುತ್ತಿತ್ತು. ಮಹಾರಾಜರ ರಾಜ್ಯದಿಂದ ಹೊರಟು, ನಡುವೆ ಮದ್ರಾಸ್ ಸೀಮೆಯ ನೆಲ ದಾಟಿ, ಮತ್ತೆ ಮಹಾರಾಜರ ರಾಜ್ಯಕ್ಕೇ ಬರಬೇಕಿತ್ತು. ದೂರವಲ್ಲ ಎನ್ನುವವರು ಒಂದು ಸಲ ನಡೆದು ನೋಡಲಿ.

ನಮ್ಮಪ್ಪ ದನದ ದಲ್ಲಾಳಿ. ಸಂತೆಗಳಲ್ಲಿ ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವ ಕೆಲಸ. ಮಧುಗಿರಿ ಕಡೆ ಬಂದಾಗ ಮುಸಾಫಿರ್‌ಖಾನೆಯ ಹುಣಸೆಮರದ ಕೆಳಗೆ ಎತ್ತು ಕಟ್ಟುತ್ತಿದ್ದ. ದೊರೆಗಳು, ಅಮಲ್ದಾರರು ಇಳಿದುಕೊಳ್ಳುವ ಬಂಗಲೆ ಅದು. ಅದನ್ನು ನೋಡಿಕೊಂಡು ಅಡುಗೆ ಮಾಡಿ ಹಾಕುವವನಿಗೆ ಮೇಟಿ ಎನ್ನುತ್ತಾರೆ. ಆ ಮೇಟಿ ಕುಡಿಯುವುದಿಲ್ಲ, ಸರ್ಕಾರದ ಸಂಬಳ ಬರುತ್ತದೆ ಎಂದು ನೋಡಿ ಅಪ್ಪ ನನ್ನನ್ನು ಕೊಟ್ಟ. ಒಂದು ಜೊತೆ ಎತ್ತಿಗೆ ಅರ್ಧ ದಿನ ಮಾತಾಡುವವನು ನನ್ನ ಮದುವೆಯ ಮಾತನ್ನು ಎಲೆಯಡಿಕೆ ಅಗಿಯುವಷ್ಟರಲ್ಲಿ ಮುಗಿಸಿದ. ತಂದು ಬಿಟ್ಟ ದಿನ ‘ಉಂಡಮ್ಮಾ’ ಎಂದ. ತೆಲುಗಿನಲ್ಲಿ ಹಾಗೆಂದರೆ ‘ಇರಮ್ಮಾ’. ತಿರುಗಿ ನೋಡದೆ ಗಾಡಿ ಹೊಡೆದ.

ನಮಗೆ ಕೊಟ್ಟಿದ್ದು ಬಂಗಲೆಯ ಹಿಂದಿನ ಒಂದೇ ಕೋಣೆ. ಮುಂದೆ ಮಂಚ, ಕುರ್ಚಿ, ಗಾಜಿನ ದೀಪ ಇಟ್ಟ ನಾಲ್ಕು ಕೋಣೆ ಖಾಲಿ ಬಿದ್ದಿರುತ್ತಿದ್ದವು. ಧೂಳು ಹೊಡೆಯುವುದು ಬಿಟ್ಟರೆ ಅವುಗಳಲ್ಲಿ ನಮಗೆ ಕೆಲಸವಿಲ್ಲ. ನಮ್ಮೂರಿನಲ್ಲಿ ಗೋಡೆಗೆ ಗೋಡೆ ತಾಗಿದ ಮನೆ. ಪಕ್ಕದ ಮನೆಯವಳು ಕೆಮ್ಮಿದರೆ ಈ ಮನೆಯಿಂದ ಮಾತಾಡಿಸಬಹುದು. ಇಲ್ಲಿ ಊರು ಒಂದು ಕೂಗಿನಷ್ಟು ಆಚೆ. ಎದುರಿಗೆ ಮಧುಗಿರಿಯ ಬೆಟ್ಟ, ಒಂದೇ ಕಲ್ಲು, ಬೆಳಗಿನಿಂದ ಸಂಜೆಯ ತನಕ ನನ್ನನ್ನೇ ನೋಡುತ್ತಿತ್ತು.

ಊಟದ ವಿಚಾರ ಕೇಳಿ. ನಮ್ಮ ಕಡೆ ರಾಗಿಗೆ ಅಕ್ಕಿ ನುಚ್ಚು ಹಾಕಿ ಸಂಗಟಿ ಮಾಡುತ್ತೇವೆ. ಇಲ್ಲಿಯವರದು ಬರೀ ರಾಗಿಯ ಮುದ್ದೆ. ನಾನು ಮೊದಲ ದಿನ ಮಾಡಿದ ಸಂಗಟಿಯನ್ನು ಯಜಮಾನರು ಮಾತಿಲ್ಲದೆ ಉಂಡರು. ಬಾಗಿಲಿನಿಂದ ನೋಡಿಕೊಂಡು ಹೋದ ಅಗಸರವಳು ಊರಿಗೆಲ್ಲ ಹೇಳಿದಳು. ಆಮೇಲೆ ಸೇದೋಬಾವಿಗೆ ಹೋದಾಗಲೆಲ್ಲ ಒಂದೇ ಹಾಡು.

“ಏನಮ್ಮಾ ತೆಲುಗಮ್ಮ, ಸಂಗಟಿ ಉಂಡ್ಯಾ?”

“ಉಂಡೆ.”

“ಅದ್ರಾಗೆ ಅಕ್ಕಿ ಯಾಕ್ ಹಾಕ್ತೀಯಮ್ಮ? ರಾಗಿಗೆ ನಾಚ್ಕೆ ಆಗ್ಲಿ ಅಂತನಾ?”

ನಗದವಳು ಒಬ್ಬಳೂ ಇಲ್ಲ. ಉತ್ತರ ಹೇಳಲು ನನಗೂ ಬಾಯಿ ಇತ್ತು, ಮೊದಮೊದಲು ಕನ್ನಡ ಸಾಲುತ್ತಿರಲಿಲ್ಲ. ತೆಲುಗಿನಲ್ಲಿ ಬೈದರೆ ಅವರಿಗೆ ಇನ್ನೂ ಖುಷಿ. ಕೊಡ ಎತ್ತಿಕೊಂಡು ಬರುತ್ತಿದ್ದೆ.

ಮನೆಯಲ್ಲಿಯೂ ಮಾತಿಲ್ಲ. ಯಜಮಾನರು ಕೆಟ್ಟವರಲ್ಲ. ಹೊಡೆಯಲಿಲ್ಲ, ಬೈಯಲಿಲ್ಲ. ಆದರೆ ಇಪ್ಪತ್ತು ವರ್ಷ ದೊರೆಗಳ ಹಿಂದೆ ನಿಂತು ನಿಂತು, ಕೇಳದೆ ಬಾಯಿ ಬಿಡಬಾರದು ಎಂಬುದು ಅವರ ಮೈಗೆ ಹತ್ತಿಬಿಟ್ಟಿತ್ತು. ‘ಉಪ್ಪು’ ಎಂದರೆ ಆ ದಿನದ ಮಾತು ಮುಗಿಯಿತು. ಒಂದೊಂದು ದಿನ ನನ್ನ ಗಂಟಲು ಸರಿಯಿದೆಯೋ ಇಲ್ಲವೋ ಎಂದು ಕೋಳಿಯನ್ನು ಕರೆದು ನೋಡುತ್ತಿದ್ದೆ. ಮೂರು ವರ್ಷ ತವರಿಗೆ ಹೋಗಿರಲಿಲ್ಲ. ಗಾಡಿ ಕಟ್ಟಿಸಿಕೊಂಡು ಹೋಗಿ ಬರಲು ನಾಲ್ಕು ದಿನ, ಬಂಗಲೆ ಬಿಟ್ಟಿರಲು ಅವರಿಗೆ ಒಂದು ದಿನವೂ ಆಗದು. ಒಬ್ಬಳೇ ಹೋಗುವ ಮಾತಂತೂ ಇಲ್ಲವೇ ಇಲ್ಲ.

ಆ ಮೋಟಾರು ತಂದವನು ಬೆಂಗಳೂರಿನ ಏಜೆಂಟು. ಕಂಪನಿಯವರು ಹೊಸ ಗಾಡಿ ಕೊಟ್ಟು ಊರೂರಿಗೆ ಕಳಿಸಿದ್ದರು. ಬಂಗಲೆಯಲ್ಲಿ ಇಳಿದು, ದುಡ್ಡಿದ್ದವರನ್ನು ಕರೆಸಿ, ಕೂರಿಸಿ ಸುತ್ತಿಸಿ ಮಾರುವುದು. ಕೊಳ್ಳಲು ಬಂದವರು ಮಿಡಿಗೇಶಿಯ ಗೌಡರು. ಮಧುಗಿರಿಯಿಂದ ಮಿಡಿಗೇಶಿ ಮೇಲೆ ಪಾವಗಡಕ್ಕೆ ದಿನವೂ ಬಾಡಿಗೆಗೆ ಓಡಿಸುತ್ತಾರಂತೆ, ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಪಾವಗಡವಂತೆ. ಏಜೆಂಟು ಕೇಳಿದ್ದಕ್ಕೆ ಯಜಮಾನರು ಇದನ್ನು ಹೇಳುತ್ತಿದ್ದುದು ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತು. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಈ ಮೋಟಾರು ಮಾರಾಟವಾದರೆ ನನಗೆ ತವರು ಅರ್ಧ ದಿನದ ದಾರಿ. ಆಗದಿದ್ದರೆ ಇನ್ನೆಷ್ಟು ವರ್ಷವೋ.

ಗೌಡರು ಮೋಟಾರಿನ ಸುತ್ತ ಮೂರು ಸುತ್ತು ಬಂದರು. ಚಕ್ರ ಒದ್ದು ನೋಡಿದರು. ಎತ್ತಿನ ಬೆನ್ನು ಸವರಿದ ಹಾಗೆ ಅದರ ಬೆನ್ನು ಸವರಿದರು. ಸಂತೆಯ ದಿನ, ನಲವತ್ತು ಜನ ಸೇರಿದ್ದರು. ಏಜೆಂಟು ಒಂದು ಅಚ್ಚಿನ ಕಾಗದ ಹಿಡಿದು, ದಂಡೋರ ಹಾಕುವವನ ಹಾಗೆ ಎಲ್ಲರಿಗೂ ಕೇಳುವಂತೆ ಬೆಲೆ ಕೂಗಿದ.

“ಇದರಲ್ಲಿ ಒಂದು ಕಾಸೂ ಹೆಚ್ಚು ಕಡಿಮೆ ಇಲ್ಲ ಗೌಡರೇ. ಕಂಪನಿ ರೇಟು.”

ಗೌಡರ ಮುಖ ಕೆಂಪಗಾಯಿತು. ಹತ್ತು ಜನರ ಮುಂದೆ ಬೆಲೆ ಕೂಗುವುದು ನಮ್ಮ ಕಡೆ ಮಾನಗೇಡು. ಆದರೂ ದೊಡ್ಡ ಮನುಷ್ಯರು. ಹೆಗಲ ಮೇಲಿನ ಬಿಳಿ ವಲ್ಲಿ ತೆಗೆದು ಬಲಗೈ ಮೇಲೆ ಹಾಸಿ ಮುಂದೆ ಚಾಚಿದರು. ದನದ ವ್ಯಾಪಾರ ನೋಡಿದವರಿಗೆ ಗೊತ್ತು: ಆ ಬಟ್ಟೆಯ ಕೆಳಗೆ ಇವನು ಕೈ ಕೊಡಬೇಕು, ಬೆರಳು ಹಿಡಿದು ಬೆಲೆ ಮಾತಾಡಬೇಕು. ನಿಂತವರಿಗೆ ಬಟ್ಟೆ ಮಾತ್ರ ಕಾಣುತ್ತದೆ.

ಏಜೆಂಟಿಗೆ ಏನು ಗೊತ್ತು? ಮೋಟಾರಿನ ಮುಂಭಾಗ ತೆರೆದು ತೋರಿಸಿ ಅವನ ಕೈಯೆಲ್ಲ ಎಣ್ಣೆ ಮಸಿ. ವಲ್ಲಿ ಕಂಡದ್ದೇ ಎತ್ತಿಕೊಂಡು ಎರಡೂ ಕೈ ಚೆನ್ನಾಗಿ ಒರೆಸಿ, “ಥ್ಯಾಂಕ್ಸ್ ಗೌಡರೇ” ಎಂದು ವಾಪಸ್ಸು ಕೊಟ್ಟ.

ನಲವತ್ತು ಜನ ಘೊಳ್ಳೆಂದರು. ಗೌಡರು ಮಸಿ ಬಟ್ಟೆಯನ್ನು ಮಡಚಿ ಹೆಗಲಿಗೆ ಹಾಕಿಕೊಂಡರು.

“ಯಾಪಾರ ಬ್ಯಾಡ ಅಂತ ಬಾಯಲ್ಲೇ ಹೇಳಿದ್ರಾಗಿತ್ತು ಸ್ವಾಮಿ. ವಲ್ಲೀನ ಚಿಂದಿ ಮಾಡ್ಬೇಕಾಗಿರ್ಲಿಲ್ಲ” ಎಂದು ಸಂತೆ ಕಡೆ ನಡೆದರು.

ಮಧ್ಯಾಹ್ನ ಊಟಕ್ಕೆ ಕೂತ ಏಜೆಂಟು ಅನ್ನ ಕಲಸುತ್ತ ಗೊಣಗಿದ. ನಾಳೆಯೇ ಹೊರಡುತ್ತಾನಂತೆ. ನಾನು ಪರಗಂಡಸಿನ ಮುಂದೆ ಮಾತಾಡಿದವಳಲ್ಲ. ಅವತ್ತು ಸಾರು ಬಡಿಸುವಾಗ ಮಾತು ತಾನಾಗಿ ಬಾಯಿಗೆ ಬಂತು.

“ಬೆಲೆ ತಗ್ಗಿಸೋಕೆ ಆಗಲ್ವಾ ಸ್ವಾಮಿ?”

“ಆಗದೆ ಏನಮ್ಮ, ಸ್ವಲ್ಪ ಆಗುತ್ತೆ. ಆದರೆ ಮೊನ್ನೆ ಸಿರಾದಲ್ಲಿ ಒಬ್ಬ ಸಾಹುಕಾರರಿಗೆ ಪೂರ್ತಿ ಬೆಲೆಗೆ ಕೊಟ್ಟು ಬಂದಿದ್ದೀನಿ. ಇಲ್ಲಿ ನಲವತ್ತು ಜನರ ಮುಂದೆ ತಗ್ಗಿಸಿದರೆ ನಾನು ಸಿರಾ ಮುಟ್ಟೋಕೆ ಮುಂಚೆ ಮಾತು ಮುಟ್ಟಿರುತ್ತೆ.”

“ಅದಕ್ಕೇ ಅಲ್ವಾ ವಲ್ಲಿ ಇರೋದು!”

ಅವನು ಕೈಯಲ್ಲಿ ತುತ್ತು ಹಿಡಿದುಕೊಂಡೇ ನನ್ನನ್ನು ನೋಡಿದ. ಗೌಡರು ಯಾಕೆ ಬಟ್ಟೆ ಚಾಚಿದರು ಎಂದು ಹೇಳಿದೆ. ಕೈ ತೊಳೆದು ಬಂದವನೇ ಜಗುಲಿಯ ಮೇಲೆ ಕೈ ಚಾಚಿ, “ತೋರಿಸಮ್ಮ, ಹೇಗೆ?” ಎಂದ.

ಅವನ ಕೈ ಹಿಡಿಯಲಾದೀತೆ? ಪಾತ್ರೆ ತೊಳೆಯುತ್ತಿದ್ದ ಯಜಮಾನರನ್ನು ಕರೆದೆ. ಅವರು ಒದ್ದೆ ಕೈ ಒರೆಸಿಕೊಂಡು ಬಂದು ನಿಂತರು. ಅವರ ಹೆಗಲಿನ ವಲ್ಲಿಯನ್ನೇ ತೆಗೆದು ನಮ್ಮಿಬ್ಬರ ಕೈ ಮೇಲೆ ಹಾಕಿದೆ.

“ಮೊದಲು ಲೆಕ್ಕ ಯಾವುದು ಅಂತ ಬಾಯಲ್ಲಿ ಹೇಳ್ಬೇಕು. ನೂರು ಅಂದ್ರೆ ನೂರು, ಹತ್ತು ಅಂದ್ರೆ ಹತ್ತು. ಆಮೇಲೆ ಬಾಯಿ ಮುಚ್ಚಿ ಬೆರಳು ಹಿಡೀಬೇಕು. ಒಂದು ಬೆರಳು ಒಂದು, ಪೂರ್ತಿ ಕೈ ಐದು. ಆರು ಬೇಕಾದ್ರೆ ಪೂರ್ತಿ ಹಿಡಿದು ಬಿಟ್ಟು ಇನ್ನೊಂದು. ಮಾತು ಮುಗಿಯೋ ತನಕ ಕೈ ಎಳ್ಕೋಬಾರ್ದು, ಎಳ್ಕೊಂಡ್ರೆ ಯಾಪಾರ ಮುರಿದ ಹಂಗೆ.”

ಚಿಕ್ಕವಳಿದ್ದಾಗ ಅಪ್ಪ ಆಟಕ್ಕೆಂದು ನನಗೆ ಕಲಿಸಿದ್ದು ಇದು. ನಾನು ನೂರು ಎಂದು ಏಳು ಹಿಡಿದೆ. ಯಜಮಾನರು ಐದಕ್ಕೆ ನಿಂತರು. ಆರೂ ಬೇಡ ಎಂದು ಬೆರಳು ಮಡಚಿದರು. ಅವರಿಗೆ ಚೌಕಾಶಿ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹೆಬ್ಬೆರಳಿನ ಬುಡದಲ್ಲಿ ಸುಟ್ಟ ಹಳೆಯ ಗುರುತು ಗಟ್ಟಿಯಾಗಿತ್ತು, ಅದೂ ಗೊತ್ತಿರಲಿಲ್ಲ. ಮೂರು ವರ್ಷದಲ್ಲಿ ಹಗಲು ಹೊತ್ತಿನಲ್ಲಿ ಆ ಕೈ ಹಿಡಿದದ್ದು ಅದೇ ಮೊದಲು.

“ಸಾಕಪ್ಪಾ ಮೇಟಿ, ನಿನಗೆ ಮಾತ್ರ ನಾನು ಮೋಟಾರು ಮಾರೋದಿಲ್ಲ” ಎಂದು ಏಜೆಂಟು ನಕ್ಕ.

ಗೌಡರನ್ನು ಕರೆತರಲು ಹೋಗಿ ಎಂದು ಯಜಮಾನರಿಗೆ ಹೇಳಿದೆ. “ನಮಗ್ಯಾಕೆ?” ಎಂದರು. ನೀವು ಹೋಗದಿದ್ದರೆ ಸಂತೆಗೆ ನಾನೇ ಹೋಗುತ್ತೇನೆ ಎಂದೆ. ಹೋದರು. ಅಲ್ಲಿ ಏನು ಹೇಳಿದರೋ, ಹೊತ್ತು ಇಳಿಯುವಾಗ ಗೌಡರೂ ಬಂದರು, ಹಿಂದೆ ಆ ನಲವತ್ತು ಜನವೂ ಬಂದರು.

ಏಜೆಂಟು ಈ ಸಲ ಕಾಗದ ಮುಟ್ಟಲಿಲ್ಲ. ಬಲಗೈ ಚಾಚಿ ನಿಂತ. ಗೌಡರು ಅವನ ಮುಖ ನೋಡಿದರು, ಕೈ ನೋಡಿದರು.

“ತೊಳ್ಕಂಡಿದೀರಾ?”

“ಸೋಪು ಹಾಕಿ ತೊಳೆದಿದ್ದೀನಿ ಗೌಡರೇ.”

ಮಸಿ ಹತ್ತಿದ ಅದೇ ವಲ್ಲಿ ಕೈಗಳ ಮೇಲೆ ಬಿತ್ತು. ಬಟ್ಟೆ ಎರಡು ಹಾವು ಹೊಕ್ಕ ಹಾಗೆ ಅಲುಗುತ್ತಿತ್ತು. ಏಜೆಂಟಿನ ಹಣೆಯಲ್ಲಿ ಬೆವರು. ಗೌಡರು ಒಮ್ಮೆ ನಕ್ಕರು, ಒಮ್ಮೆ ಆಕಾಶ ನೋಡಿದರು. ನಾನು ಅಡುಗೆಮನೆಯ ಬಾಗಿಲು ಹಿಡಿದು ನಿಂತಿದ್ದೆ, ಉಗುರು ಮರಕ್ಕೆ ಇಳಿದಿತ್ತು. ಕೊನೆಗೆ ಗೌಡರು ವಲ್ಲಿ ಕೊಡವಿ ಹೆಗಲಿಗೆ ಹಾಕಿ, ಏಜೆಂಟಿನ ಅಂಗೈಗೆ ತಟ್ಟಿದರು. ಆಯಿತು. ಎಷ್ಟಕ್ಕೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

“ಯಾರ್ ಹೇಳ್ಕೊಟ್ರು ಸ್ವಾಮಿ ನಿಮಗೆ?”

ಏಜೆಂಟು ನನ್ನ ಕಡೆ ತೋರಿಸಿದ. ನಾನು ಹೊಸಿಲು ದಾಟಿ ಬಂದೆ. “ಕುದುರಿಸಿದ ದಲ್ಲಾಳಿಗೆ ಪಾಲು ಕೊಡಬೇಕು ಗೌಡ್ರೇ. ನನಗೆ ದುಡ್ಡು ಬೇಡ. ನಾಳೆ ಮೋಟಾರಿನಲ್ಲಿ ಪಾವಗಡಕ್ಕೆ ಒಂದು ಜಾಗ ಕೊಡಿ.”

“ಹೆಂಗ್ಸು ದಲ್ಲಾಳಿನಾ!” ಎಂದು ಯಾರೋ ಕಿಸಕ್ಕೆಂದ.

“ನಗ್ಬ್ಯಾಡ್ರಲಾ. ನಿಮ್ಮ ಕೈಲಾಗಿತ್ತಾ ಇದು?” ಎಂದ ಗೌಡರು ನನ್ನ ಕಡೆ ತಿರುಗಿದರು. “ಕೊಡ್ತೀನಿ ಕಣವ್ವ. ಹೋಗಾಕಷ್ಟೇನೋ, ಹೋಗಿ ಬರಾಕೋ?”

“ಹೋಗಾಕೆ” ಎಂದುಬಿಟ್ಟೆ.

ಎಂದ ಮೇಲೆ ನೋಡಿದೆ. ಯಜಮಾನರು ಕಂಬದ ಹತ್ತಿರ ನಿಂತು ಕೇಳಿಸಿಕೊಂಡಿದ್ದರು. ಮನಸ್ಸಿನಲ್ಲಿರುವ ಬೆಲೆಯನ್ನು ಬಾಯಿಗೆ ತರಬೇಡ ಎಂದು ಅಪ್ಪ ಅಷ್ಟು ಸಲ ಹೇಳಿಕೊಟ್ಟಿದ್ದ. ನಲವತ್ತು ಜನರ ಮುಂದೆ ನಾನೇ ಕೂಗಿಬಿಟ್ಟಿದ್ದೆ. ಅವರು ಒಳಗೆ ಹೋಗಿ ದೀಪದ ಗಾಜು ಒರೆಸುತ್ತ ಕೂತರು. ಆ ಸಂಜೆ ‘ಉಪ್ಪು’ ಎಂದೂ ಕೇಳಲಿಲ್ಲ. ಸಾರು ಸಪ್ಪೆಯಾಗಿತ್ತು, ಹಾಗೇ ಉಂಡರು.

ಆಮೇಲೆ ಆ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ತವರಿನಲ್ಲಿ ನನ್ನ ತೆಲುಗು ಕೇಳಿ ‘ಕನ್ನಡದಮ್ಮ ಬಂದಳು’ ಎನ್ನುತ್ತಾರೆ. ಅಲ್ಲಿಯ ಸಂಗಟಿಯಲ್ಲಿ ನುಚ್ಚು ಹಲ್ಲಿಗೆ ಸಿಕ್ಕರೆ ಈಗ ಕಿರಿಕಿರಿ. ಇಲ್ಲಿ ಮಧುಗಿರಿಯಲ್ಲಿ ಐವತ್ತೆಂಟು ವರ್ಷ ಬಾಳಿದ ಮೇಲೂ ನಾನು ಪಾವಗಡದೋಳೇ. ಎರಡು ಕಡೆಯೂ ಮಣೆ ಹಾಕುತ್ತಾರೆ, ನೆಂಟರಿಗೆ ಹಾಕಿದ ಹಾಗೆ. ನಮ್ಮ ಕಡೆಯವರು ಹೆಣ್ಣು ಕೊಡುವಾಗ ಇದನ್ನೂ ತಿಳಿದಿರಲಿ ಎಂದು ಬರೆದೆ. ಅಳುವುದಕ್ಕಲ್ಲ.

ವ್ಯಾಪಾರ ಕುದುರಿದ ಮರುದಿನ ಬೆಳಿಗ್ಗೆ ಮೋಟಾರಿಗೆ ಚೆಂಡುಹೂವಿನ ಹಾರ ಹಾಕಿ ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದರು. ಏಜೆಂಟೇ ಓಡಿಸಲು ಕೂತ, ಪಕ್ಕದಲ್ಲಿ ಗೌಡರು. ನಾನು ಹಿಂದಿನ ಸೀಟಿನ ಅಂಚಿನಲ್ಲಿ ಬಟ್ಟೆಗಂಟು ಹಿಡಿದು ಕೂತೆ. ಯಜಮಾನರು ಬುತ್ತಿ ತಂದು ಕೊಟ್ಟರು. ಕೊಟ್ಟು ಹೋಗಲಿಲ್ಲ. ಹೆಗಲಿನ ವಲ್ಲಿ ತೆಗೆದು, ಮೋಟಾರಿನ ಬಾಗಿಲ ಮೇಲಿದ್ದ ನನ್ನ ಕೈ ಮೇಲೆ ಹಾಕಿ, ಒಳಗೆ ತಮ್ಮ ಕೈ ಇಟ್ಟರು.

“ಏನ್ಲಾ ಮೇಟಿ,” ಗೌಡರು ಹಿಂದಕ್ಕೆ ತಿರುಗಿದರು, “ಹೆಂಡ್ರುನ್ನ ಮಾರ್ತಿದೀಯೋ ಕೊಳ್ತಿದೀಯೋ?”

ಸುತ್ತ ಇದ್ದವರು ನಕ್ಕರು. ಯಜಮಾನರ ಕಿವಿ ಕೆಂಪಾಯಿತು, ಕೈ ತೆಗೆಯಲಿಲ್ಲ.

“ದಿನದ ಲೆಕ್ಕ” ಎಂದರು, ನನಗೆ ಮಾತ್ರ ಕೇಳುವಷ್ಟು.

ಆಮೇಲೆ ನನ್ನ ನಾಲ್ಕು ಬೆರಳು ಹಿಡಿದರು. ನಾನು ಅವರ ಕೈ ಪೂರ್ತಿ ಹಿಡಿದು ಬಿಟ್ಟು, ಮತ್ತೆ ಪೂರ್ತಿ ಹಿಡಿದೆ. ಅವರು ತಲೆಯಲ್ಲಾಡಿಸಿ ಐದಕ್ಕೆ ಬಂದರು. ಎಂಟು ಹಿಡಿದೆ. ಐದಕ್ಕೇ ನಿಂತರು. ಯಾರೋ ಮುಂದೆ ನಿಂತು ಕಬ್ಬಿಣದ ಹಿಡಿ ತಿರುವಿದರು, ಮೋಟಾರು ಗುಡುಗಿ ನಡುಗತೊಡಗಿತು. ಬಾಗಿಲೂ ನಡುಗುತ್ತಿತ್ತು, ಅದರ ಮೇಲಿನ ವಲ್ಲಿಯೂ. ಸುಟ್ಟ ಗುರುತು ನನ್ನ ಬೆರಳಿಗೆ ಸಿಕ್ಕಿತು. ಪೂರ್ತಿ ಕೈ ಹಿಡಿದು ಬಿಟ್ಟು, ಇನ್ನೊಂದು ಬೆರಳು ಹಿಡಿದೆ. ಆರು.

ಅವರು ನನ್ನ ಅಂಗೈಗೆ ತಟ್ಟಿದರು. ನಾನು ವಲ್ಲಿ ತೆಗೆದು ಮಡಚಿ ಅವರ ಹೆಗಲಿಗೆ ಹಾಕಿ, ಮುಂದಕ್ಕೆ ಮುಖ ಮಾಡಿ ಕೂತೆ.