ಬಸ್ಸಿನಲ್ಲಿ ಬಂದ ಪಾಸ್‌ಪೋರ್ಟ್

ಮಸ್ಕತ್‌ನಲ್ಲಿ ನರ್ಸ್ ಆಗಿರುವ ತಂಗಿಗೆ ನಾಳೆ ಆಪರೇಷನ್. ಅವಳ ಜೊತೆಗಿರಲು ಹೊರಟ ನಾನು ಪಾಸ್‌ಪೋರ್ಟನ್ನೇ ಸಂತಪುರದ ಮನೆಯಲ್ಲಿ ಮರೆತದ್ದು ಬೀದರ್ ತಲುಪಿದ ಮೇಲೆ ಗೊತ್ತಾಯಿತು. ಹೈದರಾಬಾದ್ ವಿಮಾನ ನಿಲ್ದಾಣ ಇನ್ನೂ ಮೂರು ತಾಸಿನ ದಾರಿ. ಹಿಂದಿರುಗಿದರೆ ವಿಮಾನ ತಪ್ಪುತ್ತಿತ್ತು. ಹೆಂಡತಿ ಅದನ್ನು ಬೀದರ್‌ಗೆ ಹೊರಟಿದ್ದ ಬಸ್ಸಿನ ಕಂಡಕ್ಟರ್‌ಗೆ ತಂಗಿಯ ವಿಷಯ ಹೇಳಿ, ಅವನ ಕೈಗೆ ಕೊಟ್ಟು ಕಳಿಸಿದಳು.

ಬಸ್ ನಿಲ್ದಾಣದಲ್ಲಿ, ನನ್ನನ್ನು ಹೈದರಾಬಾದ್‌ಗೆ ಕರೆದೊಯ್ಯಬೇಕಿದ್ದ ಟ್ಯಾಕ್ಸಿಯ ಯೂಸುಫ್ ಭಾಯಿ ಗಡಿಯಾರ ನೋಡುತ್ತಲೇ ಇದ್ದರು. ಕೊನೆಗೂ ಬಸ್ ಬಂತು. ಕಂಡಕ್ಟರ್ ಪಾಸ್‌ಪೋರ್ಟ್ ತೆರೆದು ಫೋಟೋ ನೋಡಿದ, ಆಮೇಲೆ ನನ್ನನ್ನು ನೋಡಿದ.

“ಇದ್ರಾಗ ಮೀಸಿ ಅದ. ನಿಮಗ ಇಲ್ಲಲ್ರೀ.”

“ಮೊನ್ನೆ ತೆಗಿಸೀನ್ರಿ. ಟೈಮ್ ಇಲ್ರಿ, ಕೊಡ್ರಿ.”

“ಹ್ಯಾಂಗ ಕೊಡ್ಲಿರಿ? ಅಕ್ಕೋರು ನನ್ನ ನಂಬಿ ಕೊಟ್ಟಾರ.”

ಹೆಂಡತಿಗೆ ವಿಡಿಯೊ ಕಾಲ್ ಹಚ್ಚಿ ಫೋನನ್ನು ಅವನಿಗೆ ಕೊಟ್ಟೆ. ಅವನು ಅದನ್ನು ನನ್ನ ಮುಖದತ್ತ ತಿರುಗಿಸಿದ.

“ಅವರೇ ಅದಾರ್ರಿ, ಲಗೂನ ಕೊಡ್ರಿ,” ಎಂದಳು ಅವಳು.

“ತಪ್ಪು ತಿಳ್ಕೋಬ್ಯಾಡ್ರಿ. ತಂಗಿಗಿ ಆರಾಮಾಗ್ತದ, ಹೋಗ್ರಿ,” ಎಂದು ಅವನು ಕೊಟ್ಟ.

ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರ್ ಮುಚ್ಚಲು ಹತ್ತು ನಿಮಿಷವಿದ್ದಾಗ ತಲುಪಿದೆವು. ಪಾಸ್‌ಪೋರ್ಟನ್ನು ಎದೆಗೆ ಒತ್ತಿಕೊಂಡು ಓಡಿದೆ. ಯೂಸುಫ್ ಭಾಯಿಗೆ ಹೋಗಿಬರ್ತೇನೆಂದು ಹೇಳಲಿಲ್ಲವೆಂಬುದು ಒಳಗೆ ಸಾಲಿನಲ್ಲಿ ನಿಂತಾಗ ನೆನಪಾಯಿತು.