ಹದ ಕೆಡುವ ಮೊದಲು

ಬೇವೂರಿನ ಹುಲಗಪ್ಪನಿಗೆ ಒಂದು ಕೆಟ್ಟ ಚಾಳಿ. ಯಾರ ಹೊಲವೇ ಆಗಲಿ, ಬೀಳು ಬಿದ್ದದ್ದು ಕಂಡರೆ ಅವನಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಯಲಬುರ್ಗಾದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತನೆಂದರೆ ದಾರಿಯುದ್ದಕ್ಕೂ ಬೈಗುಳವೇ. "ನೋಡ್ರಿ ಸರ, ಕಸ ಎದಿಮಟ ಬೆಳದೈತಿ. ಈ ಹೊಲದವರ ಮನ್ಯಾಗ ಮಂದಿ ಅದಾರೋ ಇಲ್ಲೋ!" ಮುಂದಿನ ಸೀಟಿನಲ್ಲಿ ಆ ಹೊಲದ ಒಡೆಯನೇ ಕೂತಿದ್ದರೂ ಅವನಿಗೆ ಪರಿವೆ ಇಲ್ಲ.

ಅಂಥವನನ್ನೇ ಬೀಳು ಹೊಲ ಕಾಯಲು ಇಟ್ಟ ನಮ್ಮ ಶಾಲೆಗೆ ಏನೆನ್ನಬೇಕೋ ನನಗಂತೂ ತಿಳಿಯದು. ನಾನು ಯಲಬುರ್ಗಾದ ಕಲೆ ಮತ್ತು ವಿನ್ಯಾಸ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಆಗ ನಮ್ಮ ಶಾಲೆ ಹತ್ತಿ ಗೋದಾಮಿನ ಮೇಲಿನ ಕೋಣೆಗಳಲ್ಲಿ ನಡೆಯುತ್ತಿತ್ತು. ಹುಡುಗರು ಬಣ್ಣ ಬಳಿದ ಹಾಳೆಗೆ ಹತ್ತಿಯ ಎಳೆ ಹಾರಿಬಂದು ಅಂಟಿಕೊಳ್ಳುತ್ತಿತ್ತು. ಕೊನೆಗೆ ಸಂಸ್ಥೆಯ ಅಧ್ಯಕ್ಷರಾದ ಹತ್ತಿ ವ್ಯಾಪಾರಿ ದೇವೇಂದ್ರಪ್ಪನವರು ಬೇವೂರಿನ ತಮ್ಮ ಎರೆಹೊಲವನ್ನು ಹೊಸ ಕ್ಯಾಂಪಸ್ಸಿಗೆ ಬಿಟ್ಟುಕೊಟ್ಟರು. ಮೀಸೆ ಮೂಡುವ ವಯಸ್ಸಿನಿಂದ ಆ ಹೊಲವನ್ನು ಪಾಲಿಗೆ ಮಾಡಿಕೊಂಡು ಬಂದವನು ಹುಲಗಪ್ಪ. ಹೊಲದ ಜೊತೆಗೆ ಅವನೂ ಶಾಲೆಗೆ ಬಂದ. ಖಾಕಿ ಅಂಗಿ ತೊಟ್ಟು ಕಾವಲುಗಾರನಾದ.

ಕ್ಯಾಂಪಸ್ಸಿನ ನಕ್ಷೆ ಮಾಡಲು ಬಂದವರು ಗಂಗಾವತಿಯ ಲಲಿತಾ ಮೇಡಂ. ಕಾಲುವೆ ಸೀಮೆಯವರಿಗೆ ಮಳೆಯ ಬೆಲೆ ಏನು ಗೊತ್ತು ಎಂದು ನಾನು ಒಳಗೊಳಗೇ ನಕ್ಕಿದ್ದೆ. ಅವರು ಬಂದವರೇ, ಒಂದು ಮಳೆಗಾಲ ಕಳೆಯುವ ತನಕ ಒಂದು ಗೆರೆಯನ್ನೂ ಎಳೆಯುವುದಿಲ್ಲ ಅಂದರು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಎಲ್ಲೆಂದರಲ್ಲಿ ಕಟ್ಟಿದರೆ ಗೋಡೆ ಸೀಳುತ್ತದೆ. ಹಾಗಾಗಿ ದೊಡ್ಡ ಮಳೆಯೊಂದು ಬಿದ್ದು, ನೀರು ಎಲ್ಲಿ ಹರಿಯಿತು, ಎಲ್ಲಿ ನಿಂತಿತು ಎಂಬ ಗುರುತು ನೆಲದ ಮೇಲೆ ತಾನಾಗಿ ಮೂಡಬೇಕು. ಅದನ್ನು ಅಳೆದುಕೊಂಡು, ನೀರಿಗೆ ಅದರ ದಾರಿ ಬಿಟ್ಟು, ಎರೆಯಿಲ್ಲದ ಗಟ್ಟಿ ಗರಸು ನೆಲದ ಮೇಲೆ ಕಲ್ಲು-ಮಣ್ಣಿನ ಕೋಣೆ ಕಟ್ಟುವುದು, ತಗ್ಗಿನಲ್ಲಿ ಹೊಂಡ ತೋಡುವುದು ಅವರ ವಿಚಾರ. ನಡುವಿನ ಹೊಲವನ್ನು ಅವರು ಮುಟ್ಟುವವರೇ ಅಲ್ಲ.

"ಹುಲಗಪ್ಪ ಕಾಕಾ, ನಡುವಿನ ಹೊಲದಾಗ ನೀವು ಜ್ವಾಳಾ ಬಿತ್ರಿ," ಅಂದರು ಮೇಡಂ. "ನಮ್ಮ ಹುಡುಗ್ರು ಬದುವಿನ ಮ್ಯಾಲೆ ಕುಂತು ಚಿತ್ರಾ ತಗೀತಾರ. ದಂಟಿನಿಂದ ಕಾಗದಾ ಮಾಡೂಣು."

ಆ ದಿನ ಹುಲಗಪ್ಪ ನೆಲದ ಮೇಲೆ ಕಾಲಿಡಲಿಲ್ಲ. ಖಾಕಿ ಅಂಗಿ ತೊಟ್ಟ ಮೇಲೆ ಇನ್ನು ಕೂರಿಗೆ ಹಿಡಿಯುವ ಯೋಗ ಮುಗಿಯಿತು ಅಂದುಕೊಂಡಿದ್ದವನು, ಬೇವೂರಿನ ಒಂದೊಂದು ಕಟ್ಟೆಗೂ ಹೋಗಿ ಈ ಸುದ್ದಿ ಹೇಳಿ ಬಂದ. ಅವನ ಹೆಂಡತಿ ಹುಲಗೆಮ್ಮ ಅಟ್ಟದ ಮೇಲಿನ ಬಿತ್ತನೆ ಜೋಳವನ್ನು ಇಳಿಸಿ ಬಿಸಿಲಿಗೆ ಹಾಕಿದಳು.

ಆದರೆ ದೇವೇಂದ್ರಪ್ಪನವರಿಗೆ ಗೋಡೆ ಏಳುವುದು ಕಾಣಬೇಕಿತ್ತು. "ದೀಪಾವಳಿ ಒಳಗ ನಿಮ್ಮ ನಕ್ಷೆ ಕೊಡ್ರಿ, ಇಲ್ಲಂದ್ರ ಕೊಪ್ಪಳದ ಕಾಂಟ್ರಾಕ್ಟರ್ ಹತ್ರ ತಯಾರ ನಕ್ಷೆ ಐತಿ," ಎಂದು ಮೀಟಿಂಗಿನಲ್ಲಿ ಖಡಾಖಂಡಿತ ಹೇಳಿಬಿಟ್ಟರು.

ಮೇಡಂ ಒಪ್ಪಿದರು. ಹುಡುಗರು ಅಳತೆಗೆಂದು ಹೊಲದ ತುಂಬ ಬಟ್ಟೆ ಕಟ್ಟಿದ ಗೂಟ ಹುಗಿದರು. ನೆಲ ತುಳಿಯಲು ಯಾರನ್ನೂ ಬಿಡಬೇಡಿ ಎಂದು ಹುಲಗಪ್ಪನಿಗೆ ತಾಕೀತಾಯಿತು. ಅವನು ಕಾದದ್ದಾದರೂ ಎಂಥ ಕಾವಲು! ಆಡು ನುಗ್ಗಿದರೆ ಆಡಿನವನ ಮನೆತನವನ್ನೇ ಜಾಲಾಡುತ್ತಿದ್ದ. ಒಮ್ಮೆ ನನ್ನನ್ನೂ ಬದುವಿನಿಂದ ಕೆಳಗಿಳಿಯಲು ಬಿಡಲಿಲ್ಲ.

ಮಳೆಗಳು ಬಂದವು, ಆದರೆ ನೆಲ ನೆನೆಸಿ ಹೋದವೇ ಹೊರತು ನೀರು ಹರಿಸಲಿಲ್ಲ. ಕೊನೆಗೆ, ಜೋಳದ ಬಿತ್ತನೆಗೆ ಹದ ತರುವ ಉತ್ತರಿ ಮಳೆ ಒಂದು ಸಂಜೆ ಹಿಡಿದು ಬಡಿಯಿತು. ನಾನು ಫೋನಿನಲ್ಲಿ ಹೇಳಿದರೆ ಮೇಡಂ ಖುಷಿಗೆ ಚಿಕ್ಕ ಹುಡುಗಿಯ ಹಾಗೆ ಕೂಗಿದರು. ಎರೆಮಣ್ಣನ್ನು ಹಸಿಯಿದ್ದಾಗಲೇ ತುಳಿದರೆ ಕಾಲಿಗೆ ಮೆತ್ತಿ ಗುರುತೆಲ್ಲ ಕೆಡುತ್ತದೆ. ಸ್ವಲ್ಪ ಆರಲಿ, ಸೋಮವಾರ ಯಂತ್ರ ತಂದು ಅಳೆಯುತ್ತೇವೆ ಅಂದರು.

ಸೋಮವಾರ ನಾವೆಲ್ಲ ಹೋದೆವು. ಹೊಲದ ಅಂಚಿನಲ್ಲಿ ಹುಲಗಪ್ಪ ಮದುವೆ ಮನೆಯ ಯಜಮಾನನ ಹಾಗೆ ನಿಂತಿದ್ದ. ಒಂದೊಂದು ಗೂಟವೂ ತನ್ನ ಜಾಗದಲ್ಲೇ ಇತ್ತು, ಬಟ್ಟೆ ಗಾಳಿಗೆ ಆಡುತ್ತಿತ್ತು. ಗೂಟಗಳ ಕೆಳಗಿನ ನೆಲ ಮಾತ್ರ ಈ ತುದಿಯಿಂದ ಆ ತುದಿಯವರೆಗೆ ಹಸನಾಗಿ ಹರಗಿಸಿಕೊಂಡು, ಮೇಲ್ಮಣ್ಣು ಪುಡಿಯಾಗಿ ಮಲಗಿತ್ತು.

"ನಿನ್ನಿ ಬಾಜೂ ಹೊಲದ ಮಾರೆಪ್ಪನ ಎತ್ತು ಕೇಳಿ ತಂದು ಕುಂಟಿ ಹೊಡದೀನ್ರಿ ಅಕ್ಕಾರ," ಅಂದ ಹುಲಗಪ್ಪ. "ಸುತ್ತಲ ಮಂದಿ ಎಲ್ಲಾ ಹರಗಾಕತ್ತಿದ್ರು. ಇನ್ನೊಂದು ದಿನ ಬಿಟ್ರ ಹದ ಹೋಗತಿತ್ರಿ. ಯಾರನ್ನೂ ತುಳ್ಯಾಕ ಬಿಟ್ಟಿಲ್ಲ, ನಾನೊಬ್ಬನ. ಗೂಟ ಎಲ್ಲಾ ಕಿತ್ತು, ಮತ್ತ ಅದ ಜಾಗಾದಾಗ ಹುಗದೀನ್ರಿ. ಬಿತ್ತಲೇನ್ರಿ ಇನ್ನ?"

ಗೂಟ ಕಾಯುವುದೇ ತನ್ನ ಕೆಲಸ ಅಂದುಕೊಂಡಿದ್ದ ಬಡಪಾಯಿ. ಕಾಯಬೇಕಾದದ್ದು ಮಣ್ಣಿನ ಮೇಲೆ ನೀರು ಬಿಟ್ಟುಹೋದ ಗೆರೆ ಎಂದು ಅವನಿಗೆ ಯಾರು ಬಿಡಿಸಿ ಹೇಳಿದ್ದರು? ಹೇಳಿದ್ದರೂ, ಉತ್ತರಿ ಮಳೆಯ ಹದ ಕಣ್ಣೆದುರಿಗೆ ಆರಿಹೋಗುವುದನ್ನು ಕೈಕಟ್ಟಿ ನೋಡುವವನೇ ಅವನು? ಮೇಡಂ ಬದುವಿನ ಮೇಲೆ ಕುಕ್ಕರಿಸಿದರು. ಬಯ್ಯಲಿಲ್ಲ. ಒಂದು ಹಿಡಿ ಮಣ್ಣು ಎತ್ತಿಕೊಂಡು ಬಹಳ ಹೊತ್ತು ಕೂತರು. ಬೈದುಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ. ಹುಲಗಪ್ಪ ಒಬ್ಬೊಬ್ಬರ ಮುಖ ನೋಡುತ್ತ ನಿಂತ. ಕೊನೆಗೆ ನಾನೇ ಅವನನ್ನು ಬೇವಿನ ಮರದ ಕೆಳಗೆ ಕರೆದೊಯ್ದು ಆದದ್ದನ್ನು ಹೇಳಿದೆ. "ಹಂಗಾರ ಜ್ವಾಳಾ?" ಅಂದ.

ದೀಪಾವಳಿಯೊಳಗೆ ನೀರು ಹರಿಯುವಂಥ ಮಳೆ ಮತ್ತೆ ಬರಲಿಲ್ಲ. ಇನ್ನೊಂದು ವರ್ಷ ಕೊಡಿ ಎಂದು ಮೇಡಂ ಕೈಮುಗಿದು ಕೇಳಿದರು. ದೇವೇಂದ್ರಪ್ಪನವರು ಕೆಟ್ಟವರಲ್ಲ, ಆದರೆ ಅವರ ಸಹನೆಯೂ ಮುಗಿದಿತ್ತು. ಕೊಪ್ಪಳದ ತಯಾರು ನಕ್ಷೆಯೇ ಪಾಸಾಯಿತು. ಜೆಸಿಬಿ ಬಂದು ತಗ್ಗು-ದಿನ್ನೆಗಳನ್ನೆಲ್ಲ ಒಂದೇ ಸಮ ಮಾಡಿತು. ಜೋಳ ಬರಬೇಕಿದ್ದ ಜಾಗದಲ್ಲಿ ಈಗ ಮೂರು ಅಂತಸ್ತಿನ ಕಟ್ಟಡ ಇದೆ, ಮುಂಭಾಗದ ತುಂಬ ಗಾಜು. ಬೇಸಿಗೆಯಲ್ಲಿ ಒಳಗೆ ಕೂತರೆ ಬೆವರು ಹಾಳೆಯ ಮೇಲೆ ತೊಟ್ಟಿಕ್ಕುತ್ತದೆ. ಗೋಡೆ ಮೂರನೇ ವರ್ಷಕ್ಕೇ ಸೀಳಿತು. ಮಳೆ ಬಂದರೆ ಕೆಳಗಿನ ಶಿಲ್ಪ ವಿಭಾಗಕ್ಕೆ ನೀರು ನುಗ್ಗುತ್ತದೆ. ಆ ನೀರನ್ನು ಹೊರದಬ್ಬುವವನೂ ಹುಲಗಪ್ಪನೇ. ಬಸ್ಸಿನಲ್ಲಿ ಈಗ ಕಿಟಕಿ ಬಿಟ್ಟು ಈ ಕಡೆ ಕೂರುತ್ತಾನೆ, ಯಾರ ಹೊಲವನ್ನೂ ಬೈಯುವುದಿಲ್ಲ. ಅವನ ಬೈಗುಳ ಇಲ್ಲದ ಆ ದಾರಿ ನನಗೆ ಸವೆಯುವುದೇ ಇಲ್ಲ.

ಹೋದ ವರ್ಷ ಹುಡುಗರ ಚಿತ್ರ ಪ್ರದರ್ಶನಕ್ಕೆ ಲಲಿತಾ ಮೇಡಂ ಬಂದಿದ್ದರು. ಅವರ ಕಾರು ಗೇಟಿಗೆ ಬರುತ್ತಲೇ ಹುಲಗಪ್ಪ ಮಾಯ. ಎಲ್ಲಿ ಕಾಕಾ ಎಂದು ಅವರು ಕೇಳಿದರು. ಜನರೇಟರ್ ಕೋಣೆಯ ಹಿಂದೆ ಇರುತ್ತಾನೆ ಎಂದು ನಾನೇ ತೋರಿಸಿದೆ. ಅವನು ಗೋಡೆಗೆ ಮುಖ ಮಾಡಿ ನಿಂತಿದ್ದ.

"ಕಾಕಾ, ನನ್ನ ಮ್ಯಾಲೆ ಸಿಟ್ಟೈತೇನ್ರಿ?" ಅಂದರು ಮೇಡಂ.

"ನನಗ್ಯಾಕ ಸಿಟ್ರಿ ಅಕ್ಕಾರ, ಕೆಡಿಸಿದಾಂವ ನಾನು," ಅಂದ ಅವನು, ತಿರುಗದೆಯೇ.

ಮೇಡಂ ಅವನ ಪಕ್ಕಕ್ಕೆ ಹೋಗಿ ನಿಂತು, "ಆವತ್ತ ಹದ ಹೆಂಗಿತ್ರಿ?" ಎಂದು ಕೇಳಿದರು.

ಇಷ್ಟು ವರ್ಷಗಳಲ್ಲಿ ಅದನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಹುಲಗಪ್ಪ ತಿರುಗಿದ. ಮುಖದ ತುಂಬ ನೀರಿತ್ತು.

"ಭಾಳ ಛಲೋ ಇತ್ರಿ," ಅಂದ. "ಕುಂಟಿ ಹಂಗ ತೇಲಿಕೋತ ಹೋಗತಿತ್ತು. ನನ್ನ ಜಲ್ಮದಾಗ ಅಂಥಾ ಹದ ನೋಡಿಲ್ರಿ ಅಕ್ಕಾರ."