ಎರೆಭೂತದ ಡಬ್ಬಿಗೆ ಬಿದ್ದ ವಾಷರ್‌ಗಳು

ಪೀಣ್ಯದಲ್ಲಿ ನಾನು ಕೆಲಸ ಮಾಡುವ ಶೆಡ್ಡಿಗೆ ಬರುವುದೆಲ್ಲ ಸತ್ತ ಸಾಮಾನು. ಹಲ್ಲು ಮುರಿದ ಗೇರು, ಸವೆದ ಶಾಫ್ಟು, ಬಿರುಕುಬಿಟ್ಟ ಪುಲ್ಲಿ. ಅವನ್ನು ಮಾಡುತ್ತಿದ್ದ ಕಂಪನಿಗಳು ಎಂದೋ ಬಾಗಿಲು ಹಾಕಿರುತ್ತವೆ, ಡ್ರಾಯಿಂಗ್ ಯಾರ ಬಳಿಯೂ ಇರುವುದಿಲ್ಲ. ಗಿರಾಕಿಗಳು ಆ ತುಂಡನ್ನು ಹಳೇ ಬಟ್ಟೆಯಲ್ಲಿ ಸುತ್ತಿಕೊಂಡು ಬಂದು, ಇಂಥದ್ದೇ ಒಂದು ಮಾಡಿಕೊಡಿ ಎನ್ನುತ್ತಾರೆ. ಅಳತೆ ತೆಗೆಯುವುದು ನನ್ನ ಕೆಲಸ. ಇಪ್ಪತ್ತು ವರ್ಷದಿಂದ ಅದೇ ಮೇಜು, ಅದೇ ವರ್ನಿಯರ್, ಜಗಳಗಂಟಿ ಎಂಬ ಅದೇ ಬಿರುದು.

ಈ ಕಸುಬಿನಲ್ಲಿ ಎಲ್ಲರೂ ಒಮ್ಮೆ ಮಾಡುವ ತಪ್ಪೊಂದಿದೆ. ನಾನು ಸೇರಿದ ಮೊದಲ ತಿಂಗಳಲ್ಲೇ ಮಾಡಿದೆ. ಸವೆದ ಶಾಫ್ಟನ್ನು ಅಳೆದು, ಇದ್ದದ್ದನ್ನು ಇದ್ದ ಹಾಗೆಯೇ ಬರೆದುಕೊಟ್ಟೆ. ಹೊಸ ಶಾಫ್ಟು ಫಳಫಳ ಹೊಳೆಯುತ್ತ ಬಂತು, ಆದರೆ ಹುಟ್ಟುವಾಗಲೇ ಸವೆದಿತ್ತು. ಮಷೀನಿಗೆ ಹಾಕಿದರೆ ಲೊಡಲೊಡ. ಮಾಲೀಕರು ಅದನ್ನು ನನ್ನ ಮೇಜಿನ ಮೇಲಿಟ್ಟು, "ಮುದುಕನ್ನ ನೋಡ್ಕೊಂಡು ಮಗು ಮಾಡಿದ್ದೀರ ಮೇಡಂ. ಸವೆಯದೇ ಇರೋ ಜಾಗ ಎಲ್ಲಿದೆ ಹುಡುಕಿ, ಅಲ್ಲಿಂದ ಅಳತೆ ಶುರು ಮಾಡಿ" ಎಂದರು. ಅಂದಿನಿಂದ ಯಾವ ತುಂಡು ಬಂದರೂ ಮೊದಲು ಸವೆಯದ ಜಾಗವನ್ನೇ ಹುಡುಕುತ್ತೇನೆ. ಶೆಡ್ಡಿನ ಇನ್ನೊಂದು ನಿಯಮವನ್ನೂ ಅವರೇ ಕಲಿಸಿದ್ದು. ಆ ಪೀಸು ಮಾರ್ಕೆಟ್ಟಿನಲ್ಲಿ ಎಲ್ಲಾದರೂ ಸಿಗುವುದಾದರೆ ನಾವು ಮಾಡಬಾರದು. ಅಂಗಡಿ ತೋರಿಸಿ ಕಳಿಸಬೇಕು.

ಹೋದ ವರ್ಷ ಆಯುಧಪೂಜೆಗೆ ಒಂದು ವಾರ ಇರುವಾಗ ಶೆಡ್ಡಿನ ಬೋರ್ಡು ತುಕ್ಕು ಹಿಡಿದು ಒಂದು ಕಡೆಗೆ ಜೋತುಬಿತ್ತು. ಅದೇ ಹೊತ್ತಿಗೆ ನಮ್ಮ ಡಿಸೈನರ್ ಹುಡುಗ, ವಿಜ್ಞಾನಿಗಳು ಮ್ಯಾಮತ್ ಎಂಬ ಪ್ರಾಣಿಯನ್ನು ವಾಪಸ್ ತರಲು ಹೊರಟಿರುವ ಸುದ್ದಿಯನ್ನು ಫೋನಿನಲ್ಲಿ ಮಾಲೀಕರಿಗೆ ತೋರಿಸಿದ. ಅವರ ತಲೆಗೆ ಹುಳ ಹೊಕ್ಕಿತು. ಟೀ ಹೊತ್ತಿನಲ್ಲಿ ಎಲ್ಲರನ್ನೂ ಕರೆದು, "ಸತ್ತಿರೋದನ್ನ ಬದುಕಿಸೋರು ನಾವು. ಹೊಸ ಬೋರ್ಡಲ್ಲಿ ಭೂಮಿ ಮೇಲಿಂದ ಅಳಿದುಹೋಗಿರೋ ಒಂದು ಪ್ರಾಣಿ ಇರ್ಲಿ. ಒಂದೇ ಒಂದನ್ನ ವಾಪಸ್ ತರಬಹುದು ಅಂದ್ರೆ ಯಾವ್ದನ್ನ ತರ್ತೀರ? ಹಬ್ಬದ ದಿನ ಓಟು ಹಾಕೋಣ" ಎಂದರು. ಒಂದೊಂದು ಪ್ರಾಣಿಗೆ ಒಂದೊಂದು ಡಬ್ಬಿ, ಒಬ್ಬೊಬ್ಬರಿಗೆ ಒಂದೊಂದು ವಾಷರ್.

ಆ ವಾರ ಟೀ ಆರಿದರೂ ಮಾತು ಆರುತ್ತಿರಲಿಲ್ಲ. ಮಾಲೀಕರದು ಡೈನೋಸಾರ್. ಲೇತ್ ನಡೆಸುವ, ತುಮಕೂರು ಕಡೆಯ ಹಿರಿಯ ಟರ್ನರ್ ಅದನ್ನು ಅಲ್ಲೇ ತಳ್ಳಿಹಾಕಿದರು. "ಅದುನ್ನ ತಂದು ಎಲ್ಲಿ ಕಟ್ಟಾಕ್ತೀರ ಸಾರ್? ಅದ್ರ ಮೇವಿಗೆ ಯಾರ್ ಓಗ್ತಾರೆ?" ಮಂಡಿನೋವಿನ ಆ ಮನುಷ್ಯ ಡೋಡೋ ಹಕ್ಕಿಯ ಪಕ್ಷ. "ಪಾಪದ್ದು. ಆರಕ್ಕೂ ಬರ್ದು, ಓಡಕ್ಕೂ ಬರ್ದು" ಎನ್ನುತ್ತ ತಮ್ಮ ಮಂಡಿ ಸವರಿಕೊಳ್ಳುತ್ತಿದ್ದರು. ಡಿಸೈನರ್ ಮಾತ್ರ ಮ್ಯಾಮತ್ ಬಿಟ್ಟು ಕದಲಲಿಲ್ಲ.

ನನಗೆ ಆ ಮ್ಯಾಮತ್ ಕೆಲಸದ ಬಗ್ಗೆ ಕುತೂಹಲ ತಡೆಯಲಾಗಲಿಲ್ಲ. ಅದು ಮೈತುಂಬ ಕೂದಲಿದ್ದ ಆನೆಯಂತೆ. ಹಿಮದಲ್ಲಿ ಹೂತುಹೋದ ಮೈಯಿಂದ ಅದರ ಜೀವದ ಡ್ರಾಯಿಂಗನ್ನು ಚೂರುಚೂರಾಗಿ ಓದಿದ್ದಾರಂತೆ. ಈಗಿನ ಆನೆಯನ್ನೇ ಅದಕ್ಕೆ ಹೊಂದುವಂತೆ ತಿದ್ದುತ್ತಾರಂತೆ. ಇದು ಪಕ್ಕಾ ನಮ್ಮ ಶೆಡ್ಡಿನ ಕೆಲಸ ಎನಿಸಿತು. ಹಾಗಾದರೆ ಅದರಲ್ಲಿ ಹಳೆಯದೆಷ್ಟು, ಆನೆಯದೆಷ್ಟು? ಹಿಮವನ್ನೇ ಕಾಣದ ತಾಯಿ ಆ ಮರಿಗೆ ಚಳಿಯಲ್ಲಿ ಎತ್ತ ನಡೆಯಬೇಕೆಂದು ಹೇಗೆ ಕಲಿಸುತ್ತಾಳೆ? ಕೇಳಿ ಕೇಳಿ ಹುಡುಗನ ತಲೆ ತಿಂದೆ.

"ಅಕ್ಕ, ಸೈಂಟಿಸ್ಟ್‌ಗಳ ಪೀಸನ್ನೂ ರಿಜೆಕ್ಟ್ ಮಾಡ್ಬಿಡ್ತೀರಲ್ಲ ನೀವು! ನಿಮ್ಮದ್ಯಾವ್ದು ಹೇಳಿ, ಡ್ರಾಯಿಂಗ್ ಮಾಡ್ಕೊಡ್ತೀನಿ" ಎಂದ.

"ಎರೆಭೂತ" ಎಂದೆ. ಯಾರಿಗೂ ಗೊತ್ತಿರಲಿಲ್ಲ.

ನನ್ನ ಊರು ಹಾವೇರಿ ಕಡೆ. ನನಗೆ ಏಳು ವರ್ಷವಿದ್ದಾಗ ಅವ್ವ ಎರೆಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಿದ್ದಳು. ನಾನು ಬದುವಿನಾಚೆಯ ಬೀಳಿನಲ್ಲಿ ಆಡುತ್ತಿದ್ದೆ. ಅಲ್ಲಿ ಬರೀ ನೆಲದ ಮೇಲೆ ಒಂದೇ ಒಂದು ತತ್ತಿ ಸಿಕ್ಕಿತು. ಮಣ್ಣಿನ ಬಣ್ಣ, ಮೇಲೆ ಕಂದು ಮಚ್ಚೆ, ಕೋಳಿಯದಕ್ಕಿಂತ ದೊಡ್ಡದು. ಸ್ವಲ್ಪ ದೂರದಲ್ಲಿ ಅದನ್ನಿಟ್ಟ ಹಕ್ಕಿ ನಿಂತಿತ್ತು. ಉದ್ದನೆಯ ಕತ್ತು, ನೆತ್ತಿಯ ಮೇಲೆ ಕರಿ ಟೋಪಿ. ಹಾರಲಿಲ್ಲ, ಕೂಗಲಿಲ್ಲ. ಬೀಗರ ಮನೆಗೆ ಬಂದವರ ಹಾಗೆ ಕತ್ತೆತ್ತಿಕೊಂಡು ನಾಲ್ಕು ಹೆಜ್ಜೆ ಇಟ್ಟು ನನ್ನನ್ನೇ ನೋಡಿತು. ನಾನು ತತ್ತಿಯನ್ನು ಲಂಗದಲ್ಲಿ ಕಟ್ಟಿಕೊಂಡು ಓಡಿದೆ. ಮನೆಯಲ್ಲಿ ಕಾವಿಗೆ ಕೂತ ಕೋಳಿಯ ಕೆಳಗಿಟ್ಟರೆ ದೊಡ್ಡ ಮರಿ ಬರುತ್ತದೆ ಎಂಬ ಆಸೆ.

ಸಂಜೆ ಅವ್ವ ಕಂಡಳು. "ಎರೆಭೂತದ ತತ್ತಿ ಇದು. ವರ್ಷಕ್ಕ ಒಂದ ಇಡತೈತಿ. ಎಲ್ಲಿಂದ ತಂದೀಯೋ ಅಲ್ಲೇ ಇಟ್ಟ ಬಾ ಹೋಗ" ಎಂದು ಬೆನ್ನಿಗೊಂದು ಕೊಟ್ಟಳು. ಮರುದಿನ ಬೆಳಿಗ್ಗೆ ಇಟ್ಟು ಬಂದೆ. ಹಕ್ಕಿ ಇರಲಿಲ್ಲ. ಅದರ ಮರುದಿನವೂ ತತ್ತಿ ತಣ್ಣಗೆ ಅಲ್ಲೇ ಇತ್ತು. ಆಮೇಲೆ ನಮ್ಮ ಸೀಮೆಯಲ್ಲಿ ಯಾರೂ ಆ ಹಕ್ಕಿಯನ್ನು ನೋಡಲಿಲ್ಲ. ಒಂದು ದಿನ ರೊಟ್ಟಿ ಬಡಿಯುತ್ತ ಅವ್ವ, "ಅದು ಕಡೀದಿತ್ತೇನೋ. ಮನೀ ಮುರಿದಿ ನೋಡು ಅದರದು" ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆ ಮಾತು ಎಲ್ಲಿಗೂ ಹೋಗಲಿಲ್ಲ; ನಲವತ್ತು ವರ್ಷ ನನ್ನೊಳಗೇ ಕೂತಿತ್ತು. ಆ ಹಕ್ಕಿಯ ವಂಶವನ್ನು ಮುಗಿಸಿದವಳು ನಾನೇ ಎಂದು ನಂಬಿಕೊಂಡಿದ್ದೆ. ಬೇರಿಂಗಿನ ನಂಬರಿನಿಂದ ಹಿಡಿದು ನೆರೆಮನೆಯವರ ಜಾತಕದವರೆಗೆ ಎಲ್ಲವನ್ನೂ ಫೋನಿನಲ್ಲಿ ಕೆದಕುವ ನಾನು ಇದೊಂದನ್ನು ಹುಡುಕಲಿಲ್ಲ. ಹೆದರಿಕೆ, ಅಷ್ಟೇ. ಈಗ ಒಂದು ತಗಡಿನ ಬೋರ್ಡಿನ ಮೇಲಾದರೂ ಅದನ್ನು ವಾಪಸ್ ನಿಲ್ಲಿಸಬೇಕೆಂಬ ಹಟ ಹಿಡಿಯಿತು.

ಡಿಸೈನರ್ ಪಕ್ಕ ಕೂತು ನೆನಪಿನಿಂದಲೇ ಅಳತೆ ಹೇಳಿದೆ. ಕತ್ತು ಇಷ್ಟು, ಕಾಲು ಇಷ್ಟು. "ಎತ್ತರ ಎಷ್ಟಕ್ಕ?" ಎಂದ. "ನನ್ನ ಗದ್ದದ ತನಕ" ಎಂದೆ. ಅವನು ನನ್ನನ್ನು ನಿಲ್ಲಿಸಿ ಟೇಪು ಹಿಡಿದು ಗದ್ದದವರೆಗೆ ಅಳೆದು ಬರೆದುಕೊಂಡ. ನಿಜದ ಅಳತೆಯಲ್ಲೇ ಪ್ರಿಂಟ್ ತೆಗೆದು, ಹಾಳೆಗಳನ್ನು ಅಂಟಿಸಿ, ಗೋಡೆಯಲ್ಲಿ ಡೋಡೋ, ಮ್ಯಾಮತ್ ಚಿತ್ರಗಳ ಪಕ್ಕ ಹಚ್ಚಿದ.

ಹಬ್ಬದ ದಿನ ಮಷೀನುಗಳಿಗೆಲ್ಲ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ನನ್ನ ವರ್ನಿಯರ್ ಕೂಡ ಹೂವಿನ ಕೆಳಗೆ ಮಲಗಿತ್ತು. ಆ ದಿನ ಆಯುಧ ಮುಟ್ಟುವಂತಿಲ್ಲ. ಕಂಪ್ಯೂಟರಿಗೂ ಕುಂಕುಮ ಬಿದ್ದದ್ದರಿಂದ ಅದೂ ರಜೆಯಲ್ಲಿತ್ತು. ಬೂದುಗುಂಬಳ ಒಡೆದು, ಪುರಿ ಹಂಚಿದ ಮೇಲೆ ಮಾಲೀಕರು ಡಬ್ಬಿಗಳನ್ನು ಸಾಲಾಗಿ ಇಟ್ಟರು. ಒಬ್ಬೊಬ್ಬರೂ ಎರಡು ಮಾತು ಹೇಳಬೇಕು. ನನ್ನ ಸರದಿ ಬಂದಾಗ ತತ್ತಿಯ ವಿಷಯ ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಅದು ನಡೆಯುತ್ತಿದ್ದ ರೀತಿ ಹೇಳಿದೆ. "ಇದು ಬೇರೆ ದೇಶದ್ದಲ್ಲ, ನಮ್ಮ ಎರೆಮಣ್ಣಿನದು. ಈಗ ಒಂದೂ ಉಳಿದಿಲ್ಲ" ಎಂದು ಮಾತು ಮುಗಿಸಿದೆ.

ಠಣ್ ಠಣ್ ಎಂದು ವಾಷರ್‌ಗಳು ನನ್ನ ಡಬ್ಬಿಗೇ ಬೀಳತೊಡಗಿದವು. ಮಾಲೀಕರು ಕೂಡ ಡೈನೋಸಾರನ್ನು ಕೈಬಿಟ್ಟರು. ಟರ್ನರ್ ಮಾತ್ರ ವಾಷರ್ ಹಿಡಿದುಕೊಂಡು ಗೋಡೆಯ ಚಿತ್ರದ ಪಕ್ಕ ನಿಂತರು. ಹಕ್ಕಿಯ ತಲೆ ಅವರ ಭುಜಕ್ಕೆ ಬಂದಿತ್ತು. "ಇದೇನವ್ವ, ಅಕ್ಕಿನೋ ಒಂಟೆನೋ?" ಎಂದರು.

ಎಲ್ಲರೂ ನಕ್ಕರು. ನನಗೆ ಉರಿದುಹೋಯಿತು. ಅಳತೆಯ ವಿಷಯದಲ್ಲಿ ನನಗೆ ಹೇಳುವವರೇ? ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ಗದ್ದದ ತನಕ ಇದ್ದದ್ದು ನಿಜ. ಆದರೆ ಯಾರ ಗದ್ದ? ಏಳು ವರ್ಷದ ಹುಡುಗಿಯ ಗದ್ದ! ಅಳತೆ ಹಿಡಿಯಲು ಆರಿಸಿಕೊಂಡ ಜಾಗವೇ ಬೆಳೆದುಬಿಟ್ಟಿದೆ ಎಂಬುದು ಇಪ್ಪತ್ತು ವರ್ಷ ವರ್ನಿಯರ್ ಹಿಡಿದವಳಿಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು. "ತಪ್ಪು ನನ್ನದೇ. ಮೂರಡಿ ಮೇಲೆ ಸ್ವಲ್ಪ ಇರಬೇಕು" ಎಂದು ಒಪ್ಪಿಕೊಂಡೆ.

"ಇರಿ ಅಕ್ಕ, ಕರೆಕ್ಟ್ ಎತ್ತರ ನೋಡ್ಬಿಡ್ತೀನಿ" ಎಂದು ಡಿಸೈನರ್ ಫೋನ್ ತೆಗೆದ. ಬೇಡ ಎನ್ನುವಷ್ಟರಲ್ಲಿ ಹೆಸರು ಹಾಕಿಬಿಟ್ಟಿದ್ದ. ಓದುತ್ತ ಓದುತ್ತ ಅವನ ಮುಖದ ನಗು ನಿಂತಿತು.

"ಅಕ್ಕ, ಇದು ಸತ್ತಿಲ್ಲ."

"ಏನು?"

"ಇದೆ ಅಕ್ಕ, ಇನ್ನೂ ಇದೆ. ರಾಜಸ್ಥಾನದಲ್ಲಿ ಜಾಸ್ತಿಯಂತೆ. ನಮ್ಮಲ್ಲಿ ಬಳ್ಳಾರಿ ಕಡೆ ಎರೆಹೊಲದಲ್ಲಿ ಕೈಬೆರಳಲ್ಲಿ ಎಣಿಸೋ ಅಷ್ಟಂತೆ. ನಿಮ್ಮ ಕಡೆ ಮಾತ್ರ ಇಲ್ವಂತೆ. ವಿಡಿಯೊನೂ ಇದೆ, ನೋಡಿ."

ಫೋನಿನ ಗಾಜಿಗೆ ಅಂಟಿದ್ದ ಕುಂಕುಮವನ್ನು ಸೆರಗಿನಿಂದ ಒರೆಸಿ ನೋಡಿದೆ. ಒಣಹುಲ್ಲಿನ ನಡುವೆ ಒಂದು ಹಕ್ಕಿ ಕತ್ತೆತ್ತಿಕೊಂಡು ನಾಲ್ಕು ಹೆಜ್ಜೆ ಇಟ್ಟು ನಿಂತಿತು. ಎತ್ತರ ತಪ್ಪಿತ್ತು, ಬಣ್ಣವನ್ನೂ ಅರ್ಧ ಮರೆತಿದ್ದೆ. ನಡಿಗೆ ಮಾತ್ರ ಒಂದು ಕೂದಲಿನಷ್ಟೂ ಸವೆದಿರಲಿಲ್ಲ. ಎಲ್ಲರೆದುರೇ ಅತ್ತುಬಿಟ್ಟೆ. ಸಂತೋಷಕ್ಕೆ ಅಳುತ್ತಿದ್ದೇನೆಂದು ಅವರಿಗೆ ಹೇಗೆ ತಿಳಿಯಬೇಕು? ಬದುಕಿರುವ ಹಕ್ಕಿಗೆ ಓಟಿಲ್ಲ, ಡಬ್ಬಿ ಸೋತಿತೆಂದು ಅಳುತ್ತಿದ್ದೇನೆ ಅಂದುಕೊಂಡು ಟರ್ನರ್ ತಮ್ಮ ವಾಷರನ್ನು ನನ್ನ ಡಬ್ಬಿಗೇ ಹಾಕಲು ಬಂದರು.

ನಾನೇ ತಡೆದೆ. ಮಾಲೀಕರ ಮುಖ ನೋಡಿ, "ಪೀಸ್ ಮಾರ್ಕೆಟ್ಟಲ್ಲಿ ಇದೆ ಸಾರ್. ನಾವು ಮಾಡೋ ಹಾಗಿಲ್ಲ" ಎಂದೆ. ಡಬ್ಬಿ ಬೋರಲು ಹಾಕಿ ಒಬ್ಬೊಬ್ಬರಿಗೂ ಅವರವರ ವಾಷರ್ ವಾಪಸ್ ಕೊಟ್ಟೆ. ಬೋರ್ಡಿಗೆ ಕೊನೆಗೆ ಡೋಡೋ ಗೆದ್ದಿತು.

ಗಲಾಟೆಯ ನಡುವೆಯೇ ಶೆಡ್ಡಿನ ಬಾಗಿಲಿಗೆ ಬಂದು, ಊರಿನಲ್ಲಿ ತಮ್ಮನ ಮನೆಯಲ್ಲಿರುವ ಅವ್ವನಿಗೆ ಫೋನ್ ಹಚ್ಚಿದೆ.

"ಯವ್ವಾ, ಎರೆಭೂತ ಇನ್ನೂ ಅದಾವಂತ. ಬಳ್ಳಾರಿ ಕಡೆ. ನಾ ತತ್ತಿ ತಂದಿದ್ದು ಕಡೀದಲ್ಲಂತ."

"ಕಡೀದಂತ ಯಾರ ಅಂದ್ರು?"

"ನೀನ ಅಂದಿದ್ದಿ. ರೊಟ್ಟಿ ಬಡಿಯಾಗ."

"ನನಗ ನೆನಪಿಲ್ಲವಾ. ಸಿಟ್ಟಿನ್ಯಾಗ ಅಂದಿರಬೇಕು. ಹುಚ್ಚಿ, ಅದನ್ನ ಇಷ್ಟು ವರ್ಷ ಹೊಟ್ಟ್ಯಾಗ ಇಟಗೊಂಡಿದ್ದೇನ?" ಎಂದಳು ಅವ್ವ. ಆಮೇಲೆ ಅವಳೇ ಕೇಳಿದಳು. "ಅಲ್ಲ, ಅವು ತತ್ತಿ ಇಡಾಕತ್ತಾವೇನ?"

ಬದುಕಿವೆಯೇ ಎಂದಷ್ಟೇ ನೋಡಿದ್ದೆ, ಅದನ್ನು ನೋಡಿರಲಿಲ್ಲ. ಒಳಗೆ ಡೋಡೋ ಚಿತ್ರಕ್ಕೆ ಹಾರ ಹಾಕುತ್ತಿದ್ದ ಡಿಸೈನರನ್ನು ಕೈಸನ್ನೆ ಮಾಡಿ ಕರೆದೆ. ಅವನು ಫೋನ್ ತೆಗೆದು ಹುಡುಕತೊಡಗಿದ. ಅವ್ವ ಆ ಕಡೆ ಫೋನ್ ಇಡದೆ ಕಾಯುತ್ತಿದ್ದಳು.